ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತದೆ: ಈ ವಾದವನ್ನು ಬಿಡಿಸುವುದು ಹೇಗೆ?

ಪ್ರಶ್ನೆ
ಅರಸು, ಗುಂಡೂರಾವ್, ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. ಈ ಐವರೂ ಚಾಮರಾಜನಗರಕ್ಕೆ ಹೋಗಿ ಬಂದ ಆರು ತಿಂಗಳೊಳಗೆ ಮುಖ್ಯಮಂತ್ರಿ ಪದವಿ ಕಳೆದುಕೊಂಡರು ಅಂತ ಆಸ್ತಿಕರು ಪಟ್ಟಿ ಮುಂದಿಡ್ತಾರೆ. ‘ಬರೀ ಕಾಕತಾಳೀಯ’ ಅಂದರೆ ಯಾರೂ ಒಪ್ಪಲ್ಲ. ಲೆಕ್ಕ ಹಾಕಿ ತೋರಿಸೋಕೆ ಆಗುತ್ತಾ?

ಉತ್ತರ 1
ಆಗುತ್ತೆ. ಒಂದು ಹಾಳೆಯಲ್ಲಿ ನಾಲ್ಕು ಮನೆ ಬರೆಯಿರಿ: ಹೋದರು–ಕಳೆದುಕೊಂಡರು, ಹೋದರು–ಉಳಿದರು, ಹೋಗಲಿಲ್ಲ–ಕಳೆದುಕೊಂಡರು, ಹೋಗಲಿಲ್ಲ–ಉಳಿದರು. ನಂಬುವವರ ಪಟ್ಟಿಯಲ್ಲಿ ಇರುವುದು ಮೊದಲನೇ ಮನೆ ಮಾತ್ರ.

ಮೂರನೇ ಮನೆಗೆ ಬನ್ನಿ. ಧರ್ಮಸಿಂಗ್ ಆ ಊರಿಗೆ ಕಾಲಿಡಲಿಲ್ಲ, ಇಪ್ಪತ್ತು ತಿಂಗಳಲ್ಲಿ ಸರ್ಕಾರ ಬಿತ್ತು. ಯಡಿಯೂರಪ್ಪ ಹೋಗಲಿಲ್ಲ, 2011ರಲ್ಲಿ ರಾಜೀನಾಮೆ ಕೊಟ್ಟರು. ಎರಡನೇ ಮನೆಯಲ್ಲಿ ಸಿದ್ದರಾಮಯ್ಯ: ಹತ್ತಾರು ಸಲ ಹೋಗಿ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. ನಾಲ್ಕನೇ ಮನೆ ತುಂಬಿಸೋಕೆ ಹೇಳಿ ನೋಡಿ, ತಡಕಾಡ್ತಾರೆ. 1990ರ ಅಕ್ಟೋಬರ್‌ನಿಂದ 2013ರ ಮೇವರೆಗೆ ಹತ್ತು ಮಂದಿ ಮುಖ್ಯಮಂತ್ರಿಗಳಾದರು, ಒಬ್ಬರೂ ಐದು ವರ್ಷ ಮುಗಿಸಲಿಲ್ಲ.

ಅಂದರೆ ಒಬ್ಬೊಬ್ಬರಿಗೆ ಸರಾಸರಿ ಎರಡು ವರ್ಷದ ಮೇಲೆ ಸ್ವಲ್ಪ. ಇಷ್ಟು ಕಡಿಮೆ ಅವಧಿಯಲ್ಲಿ ಹಾಸನಕ್ಕೋ ತುಮಕೂರಿಗೋ ಒಂದು ದಿನ ಹೋದರೂ, ಅದು ಕೊನೆಯ ಆರು ತಿಂಗಳಲ್ಲಿ ಬೀಳುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಹೆಚ್ಚು. ತುಮಕೂರಿಗೆ ಹೋದದ್ದನ್ನು ಯಾರೂ ಎಣಿಸಲ್ಲ, ಅಷ್ಟೆ. ಕಾಗೆ ಕೂತಾಗ ಕೊಂಬೆ ಮುರಿದದ್ದು ನೆನಪಿರುತ್ತೆ. ಕೂತು ಹಾರಿಹೋದ ಕಾಗೆಗಳ ಲೆಕ್ಕ ಯಾರ ಹತ್ತಿರ ಇದೆ?

ಮರುಪ್ರಶ್ನೆ
ಸಿದ್ದರಾಮಯ್ಯ 2018ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತರಲ್ಲ, ಅದು ಶಾಪದ ಫಲ ಅಂತಾರೆ. ಅದಕ್ಕೇನು ಹೇಳೋಣ?

ಉತ್ತರ 2
ಅದೇ ಚುನಾವಣೆಯಲ್ಲಿ ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಅದು ಯಾವ ಶಕ್ತಿಯ ಫಲ? ಅದಕ್ಕೇ ವಾದ ಶುರುವಾಗುವ ಮೊದಲೇ ಕೇಳಿ: ಎಷ್ಟು ತಿಂಗಳು, ಹೋಗುವುದು ಪದವಿಯೋ ಕ್ಷೇತ್ರವೋ, ಏನಾದರೆ ನಂಬಿಕೆ ತಪ್ಪು ಅಂತ ಒಪ್ತೀರಿ? ಅವರ ಮಾತಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಆರು ತಿಂಗಳು ಆರು ವರ್ಷ ಆಗುತ್ತೆ.

ಹರಕೆಯಲ್ಲೂ ಮೊದಲನೇ ಮನೆಯನ್ನಷ್ಟೇ ಎಣಿಸುವ ಅದೇ ತಪ್ಪು. ದೇವಸ್ಥಾನದಲ್ಲಿ ಕಾಣುವುದು ಕೆಲಸ ಆದವರು ಒಪ್ಪಿಸಿದ ಬೆಳ್ಳಿ ತೊಟ್ಟಿಲು, ಬೆಳ್ಳಿ ಕಣ್ಣು. ಹರಕೆ ಹೊತ್ತೂ ಮಗುವಾಗದ ಹೆಣ್ಣುಮಗಳು ಅಲ್ಲಿ ಏನನ್ನೂ ಇಟ್ಟು ಹೋಗುವುದಿಲ್ಲ.

ಉತ್ತರ 3
ಲೆಕ್ಕದ ಜೊತೆಗೆ ನಿಜವಾದ ಕಾರಣಗಳನ್ನೂ ಹೇಳಿ. ಇಂದಿರಾ ಮತ್ತೆ ಗೆದ್ದ ಮೇಲೆ ಅರಸು ಅವರ ಶಾಸಕರು ಆ ಕಡೆ ಹಾರಿದರು. ಗುಂಡೂರಾವ್ ಅವರ ಪಕ್ಷ 1983ರ ಚುನಾವಣೆ ಸೋತಿತು. ಹೆಗಡೆ 1988ರಲ್ಲಿ ಫೋನ್ ಕದ್ದಾಲಿಕೆ ಹಗರಣದಲ್ಲಿ ಇಳಿದರು. ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು 1990ರಲ್ಲಿ ಅವರದೇ ಹೈಕಮಾಂಡ್ ಇಳಿಸಿತು.

ಬೊಮ್ಮಾಯಿ ಪ್ರಕರಣವಂತೂ ಮರೆಯಬಾರದ್ದು. ಬಹುಮತ ಸಾಬೀತು ಮಾಡ್ತೀನಿ ಅಂದರೂ ಅವಕಾಶ ಕೊಡದೆ, 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ವರದಿ ಮೇಲೆ ಸರ್ಕಾರ ವಜಾ ಆಯಿತು. ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲೇ ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಪ್ಪು ನಡೆದದ್ದು ರಾಜಭವನದಲ್ಲಿ, ದೆಹಲಿಯಲ್ಲಿ. ಅಪವಾದ ಮಾತ್ರ ಒಂದು ಊರಿನ ತಲೆಗೆ ಕಟ್ಟಿದರು.