ವಿಂಡೋಸ್ 11 ಹಾಕಿದ್ಮೇಲೆ ನಾಲ್ಕೇ ದಿನಕ್ಕೆ ರ‍್ಯಾಮ್ ಫುಲ್, ಯಾರಿಗಾದ್ರೂ ಹೀಗಾಗಿದ್ಯಾ?

ಟೈಪಿಂಗ್ ಅಂಗಡಿ, ತಿಪಟೂರು

ಎಲ್ರಿಗೂ ನಮಸ್ಕಾರ. ನಂದು ಚಿಕ್ಕದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ. ಪಹಣಿ ಪ್ರಿಂಟು, ಅಗ್ರಿಮೆಂಟ್ ಟೈಪ್ ಮಾಡೋದು, ನುಡಿ ಸಾಫ್ಟ್‌ವೇರಲ್ಲಿ ಮದ್ವೆ ಕಾರ್ಡಿನ ಮ್ಯಾಟರು, ಜೊತೆಗೆ ಹೆಬ್ಬೆಟ್ಟು ಒತ್ತಿಸ್ಕೊಂಡು ಆಧಾರ್ ಮೇಲೆ ದುಡ್ಡು ಕೊಡೋ ಕೆಲಸಾನೂ ಇದೆ. ಕಂಪ್ಯೂಟರ್ 2019ರದ್ದು, ಐ5 ಒಂಬತ್ತನೇ ಜನರೇಶನ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, ದುಡ್ಡಿನ ವ್ಯವಹಾರ ನಡೆಯೋ ಸಿಸ್ಟಮ್ಮು ಹಳೇದ್ರಲ್ಲೇ ಇಟ್ಕೊಳ್ಳೋದು ಬೇಡ ಅಂತ 11ಕ್ಕೆ ಅಪ್‌ಗ್ರೇಡ್ ಮಾಡ್ದೆ.

ಮೊದಲೆರಡು ದಿನ ಚೆನ್ನಾಗೇ ಇತ್ತು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಾ ಆಗ್ತಾ ಕಂಪ್ಯೂಟರಲ್ಲಿ ಏನೇನು ಓಡ್ತಿದೆ ಅಂತ ತೋರ್ಸೋ ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ 94 ಪರ್ಸೆಂಟ್ ತೋರಿಸುತ್ತೆ, ಮೌಸ್ ಅಲ್ಲಾಡಿಸಿದ್ರೆ ಅರ್ಧ ನಿಮಿಷ ಬಿಟ್ಟು ಬಾಣ ಅಲ್ಲಾಡುತ್ತೆ, ಎದುರಿಗೆ ಆರು ಜನ ನಿಂತಿರ್ತಾರೆ. ವಿಚಿತ್ರ ಅಂದ್ರೆ ಕೆಳಗಡೆ ಪ್ರೋಗ್ರಾಂಗಳ ಲೆಕ್ಕ ಕೂಡಿದ್ರೆ ಮೂರು ಜಿಬಿನೂ ಆಗಲ್ಲ. ದಿನಾ ರಾತ್ರಿ ಶಟ್‌ಡೌನ್ ಮಾಡೇ ಮನೆಗೆ ಹೋಗ್ತೀನಿ, ಆದ್ರೂ ಬೆಳಗ್ಗೆ ಬಂದ್ರೆ ಮತ್ತೆ 80ರ ಮೇಲೇ ಇರುತ್ತೆ. ನಮ್ಮೂರ ರಿಪೇರಿಯವ್ರು ಫಾರ್ಮ್ಯಾಟ್ ಮಾಡಿ, ಇಲ್ಲಾ 16 ಜಿಬಿ ಹಾಕ್ಸಿ ಅಂತಾರೆ. ಫಾರ್ಮ್ಯಾಟ್ ಅಂದ್ರೆ ಎರಡು ದಿನ ಅಂಗಡಿ ಬಂದ್. ಅನುಭವ ಇರೋರು ದಯವಿಟ್ಟು ಹೇಳಿ.

ಧಾರವಾಡದಿಂದ

ಸರ್, ಮೊದ್ಲ ಒಂದ್ ಮಾತು ನೋಡ್ರಿ, ರ‍್ಯಾಮ್ ತುಂಬೋದು ಬ್ಯಾರೆ, ರ‍್ಯಾಮ್ ಕಾಣದ ಹೋಗೋದು ಬ್ಯಾರೆ. ಟಾಸ್ಕ್ ಮ್ಯಾನೇಜರ್‌ದಾಗ ಪರ್ಫಾರ್ಮೆನ್ಸ್, ಅದರಾಗ ಮೆಮೊರಿ ಒತ್ತಿದ್ರ ಕೆಳಗ ಬಲಕ್ಕ ಹಾರ್ಡ್‌ವೇರ್ ರಿಸರ್ವ್ಡ್ ಅಂತ ಇರ್ತೈತಿ. ಅಲ್ಲಿ ನೂರಿನ್ನೂರು ಎಂಬಿ ಇದ್ರ ಚಿಂತಿ ಇಲ್ಲ. ನಮ್ಮ ಆಫೀಸಿಂದು ಒಂದು ಡೆಸ್ಕ್‌ಟಾಪ್ 11 ಹಾಕಿದ ಮ್ಯಾಲೆ 4.1 ಜಿಬಿ ರಿಸರ್ವ್ಡ್ ಅಂತ ತೋರಸಾಕತ್ತಿತ್ತು, ಅಂದ್ರ 8 ಹಾಕಿದ್ರೂ ಬಳಕಿಗೆ ಬರೋದು 3.9 ಅಷ್ಟ. ಎಲ್ಲಾರೂ ವಿಂಡೋಸಿಗೆ ಬೈದ್ವಿ. ಕಡಿಗೆ ನೋಡಿದ್ರ ಕಾರಣ ಒಂದಲ್ಲ, ಎರಡು. ಸ್ಲೋ ಆತು ಅಂತ ಒಬ್ಬ ಹುಡುಗ ಯಾವ್ದೋ ವಿಡಿಯೋ ನೋಡಿ ಎಂಎಸ್‌ಕಾನ್ಫಿಗ್ ಅನ್ನೋ ವಿಂಡೋಸ್ ಸೆಟ್ಟಿಂಗ್ ತಗದು ಬೂಟ್, ಅಡ್ವಾನ್ಸ್ಡ್ ಆಪ್ಶನ್ಸ್‌ದಾಗ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಹಾಕಿದ್ದ. ಅದನ್ನ ಹಾಕಿದ್ರ ಸ್ಪೀಡ್ ಆಗ್ತೈತಿ ಅನ್ನೋದು ಸುಳ್ಳ ಐತ್ರಿ, ಅದು ರ‍್ಯಾಮ್‌ಗೆ ಬೇಲಿ ಹಾಕೋದು ಅಷ್ಟ. ಟಿಕ್ ತಗದ್ರೂ ಪೂರಾ ಬರಲಿಲ್ಲ.

ಆಮ್ಯಾಲೆ ಪವರ್ ವೈರ್ ಕಿತ್ತು, ಕ್ಯಾಬಿನೆಟ್ ತಗದು ಎರಡೂ ರ‍್ಯಾಮ್ ಸ್ಟಿಕ್ ಹೊರಗ ತಗದೆ. ಒಂದರ ಕೆಳಗಿನ ಬಂಗಾರದ ಬಣ್ಣದ ಹಲ್ಲು ಕಪ್ಪಾಗಿದ್ವು. ಶಾಲಿ ಮಕ್ಕಳ ಬಿಳಿ ರಬ್ಬರ್ ತಗೊಂಡು ಸಣ್ಣಗ ತಿಕ್ಕಿ, ಪುಡಿ ಊದಿ, ಸ್ಲಾಟಿನಾಗ ಎರಡೂ ಕಡೆ ಟಕ್ ಅಂತ ಸಪ್ಪಳ ಬರೋ ತನಕ ಒತ್ತಿದೆ. 7.9 ಬಂತು! ಅದಕ್ಕ ರೊಕ್ಕ ಕೊಡೋ ಮೊದ್ಲ ಹತ್ತು ರೂಪಾಯಿ ರಬ್ಬರ್ ತಗೋರಿ. ಆದ್ರ ನಿಮ್ದು ದಿನಾ ಏರಾಕತ್ತೈತಿ ಅಂತೀರಲ್ಲ, ಅದು ಇದಲ್ಲ ಅನಸ್ತೈತಿ.

ಮಂಗಳೂರು ಕಡೆಯವ

ನನ್ನ ಮಾವನವರದ್ದೂ ಹೀಗೇ ಮೆಮೊರಿ ಫುಲ್ ಅಂತ ಫೋನ್ ಬಂತು ಮಾರಾಯ್ರೆ. ಓಡಿ ಹೋಗಿ ನೋಡಿದ್ರೆ ರ‍್ಯಾಮ್ ಅಲ್ಲ, ಸಿ ಡ್ರೈವ್ ಫುಲ್. ಅಪ್‌ಗ್ರೇಡ್ ಆದಾಗ ಹಳೇದು ಪೂರ್ತಿ ವಿಂಡೋಸ್ ಡಾಟ್ ಓಲ್ಡ್ ಅಂತ ಒಂದು ಫೋಲ್ಡರಲ್ಲಿ ಕೂತಿರ್ತದೆ, ಇಪ್ಪತ್ತು ಜಿಬಿಗೂ ಮೇಲೆ ಇತ್ತು ಅವರದ್ದು. ಹತ್ತು ದಿನದೊಳಗೆ ವಾಪಸ್ 10ಕ್ಕೆ ಹೋಗ್ಬೇಕಾದ್ರೆ ಅದು ಬೇಕು, ಆಮೇಲೆ ತಾನಾಗೇ ಹೋಗ್ತದೆ. ನಿಮಗೆ ಇದು ಅಲ್ಲ, ಗೊತ್ತುಂಟು, ಆದ್ರೂ ಓದುವವರಿಗೆ ಇರಲಿ ಅಂತ ಹಾಕಿದೆ.

ಮೈಸೂರು, ಮನೆಯಿಂದ ಕೆಲಸ

ತಿಪಟೂರಿನವರೇ, ನೀವು ಬರೆದಿರೋದ್ರಲ್ಲಿ ಎರಡು ಮಾತು ನಂಗೆ ತುಂಬಾ ಪರಿಚಯ. ಪ್ರೋಗ್ರಾಂಗಳ ಲೆಕ್ಕ ತಾಳೆ ಆಗಲ್ಲ, ಶಟ್‌ಡೌನ್ ಮಾಡಿದ್ರೂ ಕಡಿಮೆ ಆಗಲ್ಲ. ನಂದೂ ಡಿಟ್ಟೋ ಇದೇ ಆಗಿತ್ತು, ಹದಿನೈದು ದಿನ ತಲೆ ಕೆಡಿಸ್ಕೊಂಡಿದ್ದೆ.

ಆ ಮೆಮೊರಿ ಪೇಜಲ್ಲೇ ಕೆಳಗೆ ನಾನ್‌ಪೇಜ್ಡ್ ಪೂಲ್ ಅಂತ ಒಂದು ನಂಬರ್ ಇರುತ್ತೆ, ಯಾರೂ ಅದರ ಕಡೆ ನೋಡೋದೇ ಇಲ್ಲ. ವಿಂಡೋಸಿನ ಒಳಗಿನ ಕೆಲಸಕ್ಕೆ, ಪ್ರಿಂಟರ್ ಥರದ ಸಾಧನಗಳನ್ನ ನಡೆಸೋ ಚಿಕ್ಕ ಪ್ರೋಗ್ರಾಂಗಳಾದ ಡ್ರೈವರ್‌ಗಳಿಗೆ ಅಂತ ಇರೋ ಜಾಗ ಅದು, ಅದನ್ನ ಡಿಸ್ಕಿಗೆ ಎತ್ತಿಡೋಕೆ ಆಗಲ್ಲ, ರ‍್ಯಾಮಲ್ಲೇ ಇರ್ಬೇಕು. ಯಾವ ಪ್ರೋಗ್ರಾಂ ಹೆಸರಲ್ಲೂ ಅದು ತೋರ್ಸಲ್ಲ, ಅದಕ್ಕೇ ನಿಮ್ಮ ಲೆಕ್ಕ ಕೂಡ್ತಿಲ್ಲ. ಸಾಮಾನ್ಯವಾಗಿ ಕೆಲವು ನೂರು ಎಂಬಿ ಇರುತ್ತೆ, ನಂದು 3.2 ಜಿಬಿ ಆಗೋಗಿತ್ತು. ಒಂದು ಡ್ರೈವರ್ ಕೈಗಡ ಅಂತ ಜಾಗ ಇಸ್ಕೊಂಡು ವಾಪಸ್ ಕೊಡೋದೇ ಮರೆತುಬಿಡುತ್ತೆ, ಮತ್ತೆ ಮತ್ತೆ ಇಸ್ಕೊಳ್ಳುತ್ತೆ, ಅಷ್ಟೇ ಕಥೆ.

ಈಗ ಶಟ್‌ಡೌನ್ ವಿಷ್ಯ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ. ಅದು ಆನ್ ಇದ್ರೆ ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚಿಕೊಳ್ತವೆ, ಆದ್ರೆ ವಿಂಡೋಸಿನ ತಿರುಳಾದ ಕರ್ನಲ್ಲು, ಡ್ರೈವರ್ರು ಎಲ್ಲಾ ಇದ್ದ ಹಾಗೇ ಡಿಸ್ಕಲ್ಲಿ ಬರೆದಿಟ್ಟು ಮಲಗುತ್ತೆ, ಬೆಳಗ್ಗೆ ಅದನ್ನೇ ಎತ್ಕೊಂಡು ಬರುತ್ತೆ. ಅಂದ್ರೆ ನಿನ್ನೆಯ ಕೈಗಡ ಇವತ್ತಿಗೂ ಹಾಗೇ ಇರುತ್ತೆ. ರೀಸ್ಟಾರ್ಟ್ ಒತ್ತಿದ್ರೆ ಮಾತ್ರ ಎಲ್ಲಾ ತೊಳೆದು ಹೊಸದಾಗಿ ಶುರುವಾಗುತ್ತೆ. ಅನುಮಾನ ಇದ್ರೆ ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು ಒತ್ತಿ ಅಪ್‌ಟೈಮ್ ನೋಡಿ, ದಿನಾ ಆಫ್ ಮಾಡಿದ್ರೂ ಹತ್ತಾರು ದಿನ ಅಂತ ತೋರಿಸ್ತಿದ್ರೆ ಇದೇ.

ಮೊದಲು ಒಂದ್ಸಲ ರೀಸ್ಟಾರ್ಟ್ ಮಾಡಿ (ಶಟ್‌ಡೌನ್ ಅಲ್ಲ!) ನಾನ್‌ಪೇಜ್ಡ್ ಪೂಲ್ ಎಷ್ಟಿದೆ ಒಂದು ಚೀಟಿಲಿ ಬರ್ಕೊಳ್ಳಿ. ಆಮೇಲೆ ಯಾವ ಕೆಲಸ ಮಾಡಿದಾಗ ಏರುತ್ತೆ ನೋಡ್ತಾ ಹೋಗಿ. ನಂದು ಮನೆಯಿಂದ ಹಳೇ ಆಫೀಸಿನ ನೆಟ್‌ವರ್ಕಿಗೆ ಸೇರಿಸ್ತಿದ್ದ ವಿಪಿಎನ್ ಸಾಫ್ಟ್‌ವೇರ್ ಬಿಟ್ಟು ಹೋಗಿದ್ದ ನೆಟ್‌ವರ್ಕ್ ಡ್ರೈವರ್. ನಾನು ಪೂಲ್‌ಮಾನ್ ಅನ್ನೋ ಟೂಲ್ ಹಾಕಿ ಹಿಡಿದಿದ್ದು, ಅದ್ರಲ್ಲಿ ಬಿ ಒತ್ತಿದ್ರೆ ಜಾಸ್ತಿ ತಿಂದೋರು ಮೇಲೆ ಬರ್ತಾರೆ, ನಾಲ್ಕಕ್ಷರದ ಟ್ಯಾಗ್ ಸಿಗುತ್ತೆ, ಡ್ರೈವರ್ಸ್ ಫೋಲ್ಡರಲ್ಲಿ ಆ ಟ್ಯಾಗ್ ಯಾವ ಫೈಲಲ್ಲಿದೆ ಅಂತ ಹುಡುಕೋದು. ನಿಮಗೆ ಅಷ್ಟೆಲ್ಲಾ ಬೇಕಾಗಲ್ಲ ಅನ್ಕೊಂಡಿದೀನಿ.

ಬೆಂಗಳೂರು, ಹಾರ್ಡ್‌ವೇರ್ ಕೆಲಸ

ಮೇಡಂ ಹೇಳಿದ್ದು ಸರಿ ಇದೆ. ನಾನು ಸೇರಿಸೋದು ಸ್ವಲ್ಪ. ರ‍್ಯಾಮ್ ಕ್ಲೀನರ್ ಅಂತ ಬರೋ ಯಾವ ಸಾಫ್ಟ್‌ವೇರೂ ಹಾಕ್ಬೇಡಿ. ಕ್ಯಾಶ್ಡ್ ಅಂತ ತೋರಿಸೋ ಮೆಮೊರಿ, ಅಂದ್ರೆ ಮತ್ತೆ ಬೇಕಾಗ್ಬಹುದು ಅಂತ ಎತ್ತಿಟ್ಟಿರೋದು, ವೇಸ್ಟ್ ಅಲ್ಲ, ಬೇಕಾದಾಗ ವಿಂಡೋಸೇ ಬಿಟ್ಟುಕೊಡುತ್ತೆ, ಈ ಕ್ಲೀನರ್‌ಗಳು ಅದನ್ನ ಬಲವಂತವಾಗಿ ಖಾಲಿ ಮಾಡಿಸಿ ನಂಬರ್ ಕಮ್ಮಿ ತೋರಿಸ್ತವೆ, ಮತ್ತೆ ಎಲ್ಲಾ ಡಿಸ್ಕಿಂದ ಓದ್ಬೇಕು, ಇನ್ನೂ ಸ್ಲೋ. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಲ್ಲಿ ಬಳಸೋ ಜಾಗ, ಅಂದ್ರೆ ಪೇಜ್ ಫೈಲ್, ಆಫ್ ಮಾಡೋ ಸಲಹೆ ಯಾರಾದ್ರೂ ಕೊಟ್ರೆ ಅದನ್ನೂ ಕೇಳ್ಬೇಡಿ, ಒಬ್ರು ಕಸ್ಟಮರ್ ಹಾಗೆ ಮಾಡ್ಕೊಂಡು ಎರಡು ಜಿಬಿ ಖಾಲಿ ಇದ್ರೂ ಔಟ್ ಆಫ್ ಮೆಮೊರಿ ಅಂತ ಬರ್ತಿದೆ ಅಂತ ತಂದಿದ್ರು.

16 ಜಿಬಿ ಹಾಕ್ಸೋದು ತಪ್ಪಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟ್ ಪಟ್ಟಿಲಿ ಇದೆ, ಇನ್‌ಸ್ಟಾಲ್ ಆಗೋಕೆ ಸಾಕು, ಕೆಲಸ ಮಾಡೋಕಲ್ಲ. ಆದ್ರೆ ನಲ್ಲಿ ಸೋರ್ತಿರುವಾಗ ಕೆಳಗೆ ಬಿಂದಿಗೆ ಬದ್ಲು ಕೊಳಗ ಇಟ್ರೆ ಏನ್ ಬಂತು, ನಾಲ್ಕು ದಿನಕ್ಕೆ ತುಂಬೋದು ಎರಡು ವಾರಕ್ಕೆ ತುಂಬುತ್ತೆ. ಅದೂ 2025ರ ಕೊನೆಯಿಂದ ರ‍್ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ಎಐ ಸರ್ವರ್‌ಗಳಿಗೇ ಎಲ್ಲಾ ಮಾಲು ಹೋಗ್ತಿದೆ.

ಟೈಪಿಂಗ್ ಅಂಗಡಿ, ತಿಪಟೂರು

ಎಲ್ರಿಗೂ ಥ್ಯಾಂಕ್ಸ್. ಹಾರ್ಡ್‌ವೇರ್ ರಿಸರ್ವ್ಡ್ 130 ಎಂಬಿ ಇದೆ, ಹಾಗಾಗಿ ರಬ್ಬರ್ ಬೇಕಾಗ್ಲಿಲ್ಲ ಧಾರವಾಡದ ಸರ್. ಅಪ್‌ಟೈಮ್ ನೋಡಿ ಗಾಬರಿ ಆಯ್ತು, 6 ದಿನ ಅಂತ ಇದೆ, ನಾನು ದಿನಾ ಕೈಯಾರೆ ಆಫ್ ಮಾಡ್ತೀನಿ! ನಾನ್‌ಪೇಜ್ಡ್ ಪೂಲ್ 2.8 ಜಿಬಿ. ರೀಸ್ಟಾರ್ಟ್ ಮಾಡ್ದೆ, 310 ಎಂಬಿಗೆ ಇಳೀತು.

ಮೇಡಂ ಹೇಳಿದ ಹಾಗೆ ಚೀಟಿ ಇಟ್ಕೊಂಡು ಕೂತೆ. ನುಡಿ ತೆಗೆದೆ, ಏರ್ಲಿಲ್ಲ. ಪಹಣಿ ಪ್ರಿಂಟ್ ಕೊಟ್ಟೆ, ಏರ್ಲಿಲ್ಲ. ಸ್ಕ್ಯಾನರ್ರೂ ಅಷ್ಟೇ. ಹನ್ನೊಂದು ಗಂಟೆಗೆ ಒಬ್ರು ಅಜ್ಜಿ ಪಿಂಚಣಿ ದುಡ್ಡು ತಗೊಳ್ಳೋಕೆ ಬಂದ್ರು, ಅವ್ರ ಬೆರಳು ಸವೆದಿರೋದ್ರಿಂದ ಒಂದೇ ಸಲಕ್ಕೆ ಹಿಡಿಯಲ್ಲ, ನಾಲ್ಕು ಸಲ ಒತ್ತಿಸ್ದೆ. 312 ಇದ್ದದ್ದು 324, 336, 348, 360. ಪ್ರತಿ ಸಲ ಹನ್ನೆರಡು ಎಂಬಿ! ಅಜ್ಜಿ ದುಡ್ಡು ಬಂತೇನಪ್ಪ ಅಂತಾರೆ, ನಾನು ಪರದೆ ನೋಡ್ಕೊಂಡು ಸಿಕ್ತು ಸಿಕ್ತು ಅಂತಿದೀನಿ. ದಿನಕ್ಕೆ ನಲವತ್ತು ಐವತ್ತು ಸಲ ಒತ್ತಿಸ್ತೀನಿ, ಲೆಕ್ಕ ಹಾಕಿ. ಆದ್ರೆ ಒಂದು ಅರ್ಥ ಆಗ್ತಿಲ್ಲ, ಇದೇ ಮಷಿನ್ನು 10ರಲ್ಲಿ ನಾಲ್ಕು ವರ್ಷ ತೊಂದ್ರೆ ಕೊಡ್ಲಿಲ್ಲವಲ್ಲ?

ಮೈಸೂರು, ಮನೆಯಿಂದ ಕೆಲಸ

ಸಿಕ್ಕಿಬಿಡ್ತಲ್ಲ! 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಇತ್ತಾ, ನೆನಪು ಮಾಡ್ಕೊಳ್ಳಿ. ದೊಡ್ಡ ಅಪ್‌ಗ್ರೇಡ್ ಆದ್ಮೇಲೆ ನಂದು ತಾನಾಗೇ ಮತ್ತೆ ಆನ್ ಆಗಿತ್ತು. ಹಾಗಿದ್ರೆ ಆಗಲೂ ಸೋರ್ತಾ ಇತ್ತು, ದಿನಾ ರಾತ್ರಿ ನಿಜವಾಗ್ಲೂ ಆಫ್ ಆಗ್ತಿದ್ದರಿಂದ ನಿಮಗೆ ಗೊತ್ತಾಗ್ಲಿಲ್ಲ.

ಇನ್ನೊಂದು ಸುಲಭದ ದಾರಿ ಇದೆ. ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೋಲೇಶನ್ ಒಳಗೆ ಹೋಗಿ. ಅಲ್ಲಿ ಮೆಮೊರಿ ಇಂಟೆಗ್ರಿಟಿ ಅನ್ನೋ ರಕ್ಷಣೆ ಆಫ್ ಇದ್ರೆ ಆನ್ ಮಾಡೋಕೆ ನೋಡಿ, ಹೊಂದಾಣಿಕೆ ಆಗದ ಡ್ರೈವರ್ ಇದ್ರೆ ಅದೇ ಪಟ್ಟಿ ಕೊಡುತ್ತೆ, ಹೆಸರಿನ ಮೇಲೆ ಒತ್ತಿದ್ರೆ ಕಂಪನಿ, ತಾರೀಖು, ಓಇಎಂ ಅಂತ ಶುರುವಾಗೋ ಫೈಲ್ ಹೆಸರು ಎಲ್ಲಾ ಇರುತ್ತೆ. ಎಲ್ಲಾ ಸೋರೋ ಡ್ರೈವರೂ ಅದ್ರಲ್ಲಿ ಬರಲ್ಲ, ಆದ್ರೆ ಹಳೇ ಡ್ರೈವರ್ ಹಿಡಿಯೋಕೆ ಒಳ್ಳೇ ಜಾಗ. ಬರೀ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಡ್ರೈವರ್ ಉಳ್ಕೊಂಡುಬಿಡುತ್ತೆ, ಡಿವೈಸ್ ಮ್ಯಾನೇಜರಲ್ಲಿ ಅನ್‌ಇನ್‌ಸ್ಟಾಲ್ ಒತ್ತುವಾಗ ಡ್ರೈವರನ್ನೂ ತೆಗೆಯೋ ಟಿಕ್ ಹಾಕೋದು ಮರೀಬೇಡಿ.

ಹಾಸನದ ಮೇಷ್ಟ್ರು

ನಡುವೆ ಬಾಯಿ ಹಾಕ್ತೀನಿ. ನಂದು ತುಂಬೋದಲ್ಲ, ನೀಲಿ ಪರದೆ ಬಂದು ಮೆಮೊರಿ ಮ್ಯಾನೇಜ್ಮೆಂಟ್ ಅಂತ ಬರೆದು ರೀಸ್ಟಾರ್ಟ್ ಆಗ್ತಿತ್ತು, ಅದೂ ಅಪ್‌ಗ್ರೇಡ್ ಆದ ವಾರಕ್ಕೇ. ಅಪ್‌ಗ್ರೇಡೇ ಕಾರಣ ಅಂತ ವಾಪಸ್ ಹೋದೆ, ಅಲ್ಲೂ ಬಂತು. ಮೆಮ್‌ಟೆಸ್ಟ್ 86 ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಬಿಟ್ರೆ ಬೆಳಗ್ಗೆ ಪರದೆ ತುಂಬಾ ರ‍್ಯಾಮ್ ತಪ್ಪು ತೋರ್ಸೋ ಕೆಂಪು ಸಾಲು. ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಪರೀಕ್ಷೆ ಮಾಡ್ದೆ, ಒಂದು ಕೆಟ್ಟಿತ್ತು. ನೀಲಿ ಪರದೆ ಬರೋರು ಡ್ರೈವರ್ ಹುಡುಕೋ ಮೊದಲು ಇದನ್ನ ಮಾಡಿ.

ಟೈಪಿಂಗ್ ಅಂಗಡಿ, ತಿಪಟೂರು

ಒಂದು ವಾರ ಬಿಟ್ಟು ಬರೀತಿದೀನಿ. ಪಟ್ಟಿಲಿ ಒಂದೇ ಹೆಸರು ಇತ್ತು, ಹೆಬ್ಬೆಟ್ಟು ಮಷಿನ್ನಿಂದೇ, 2016ರ ಡ್ರೈವರ್. ಮೇಡಂ ಹೇಳಿದ ಹಾಗೆ ಟಿಕ್ ಹಾಕಿ ತೆಗೆದೆ, ರೀಸ್ಟಾರ್ಟ್, ಆಮೇಲೆ ಹೊಸ ಡ್ರೈವರ್ ಹಾಕ್ದೆ. ಈಗ ಎಷ್ಟು ಸಲ ಬೆರಳು ಇಟ್ರೂ ನಂಬರ್ ಅಲ್ಲಾಡಲ್ಲ. ಮೆಮೊರಿ ಇಂಟೆಗ್ರಿಟಿನೂ ಆನ್ ಆಯ್ತು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೀನಿ, ಬೆಳಗ್ಗೆ ಆನ್ ಆಗೋಕೆ ಏಳೆಂಟು ಸೆಕೆಂಡ್ ಜಾಸ್ತಿ ತಗೊಳ್ಳುತ್ತೆ, ಅಷ್ಟರಲ್ಲಿ ಊದುಬತ್ತಿ ಹಚ್ತೀನಿ. ಹೌದು, ಹಳೇ ಇಂಜಿನಿಯರ್ ಹುಡುಗನಿಗೆ ಫೋನ್ ಮಾಡಿ ಕೇಳ್ದೆ, ಯುಪಿಎಸ್ ಹಾಕಿದ ದಿನ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ನಂತೆ.

ಶನಿವಾರ ಸಂಜೆ 58 ಪರ್ಸೆಂಟ್. ಬ್ರೌಸರಲ್ಲಿ ಮೂವತ್ತು ಟ್ಯಾಬ್ ತೆಗೆದಿಟ್ರೆ 70 ದಾಟುತ್ತೆ, ಅದು ನನ್ನ ತಪ್ಪೇ. ರಿಪೇರಿಯವ್ರು ನಿನ್ನೆ ಫೋನ್ ಮಾಡಿ ಅಣ್ಣಾ ಸ್ಟಿಕ್ ಬಂದಿದೆ, ತಂದು ಹಾಕ್ಲಾ ಅಂದ್ರು, ಸದ್ಯಕ್ಕೆ ಬೇಡ ಅಂದೆ.