ಐಪಿಪಿ ಪೆಪ್ಟೈಡ್: ರೆಸಿನ್ ಮೇಲೆ ಕಟ್ಟಿದ್ದೆಲ್ಲ ಎಲ್ಲಿ ಹೋಯಿತು?

ತೊಗರಿಕಣಜ (ಕಲಬುರಗಿ):
ಪ್ರಾಜೆಕ್ಟಿಗೆ ಐಸೊಲ್ಯೂಸಿನ್-ಪ್ರೋಲಿನ್-ಪ್ರೋಲಿನ್ (ಐಪಿಪಿ) ಎಂಬ ಮೂರು ಅಮೈನೋ ಆಮ್ಲಗಳ ಸರಪಳಿ ಮಾಡುತ್ತಿದ್ದೇನೆ. ಹುದುಗಿಸಿದ ಹಾಲಿನಲ್ಲಿ ಸಿಗುವ, ಬಿಪಿ ಏರಿಸುವ ಎಸಿಇ ಕಿಣ್ವವನ್ನು ತಡೆಯುವ ಪೆಪ್ಟೈಡ್ ಇದು. ನಮ್ಮ ತೊಗರಿಬೇಳೆ ಪ್ರೋಟೀನನ್ನು ಒಡೆದಾಗ ಬರುವ ಪೆಪ್ಟೈಡ್‌ಗಳ ಜೊತೆ ಹೋಲಿಸಲು ಬೇಕು. ವಾಂಗ್ ರೆಸಿನ್ (ಸರಪಳಿಯ ಕೊನೆಯ ಪ್ರೋಲಿನ್‌ನಿಂದ ಶುರುಮಾಡಿ ಒಂದೊಂದೇ ಅಮೈನೋ ಆಮ್ಲ ಕಟ್ಟುವ ಪ್ಲಾಸ್ಟಿಕ್ ಮಣಿ), ಎಫ್‌ಮಾಕ್ ವಿಧಾನ (ಎಫ್‌ಮಾಕ್ ಅಂದರೆ ಅಮೀನ್ ತುದಿಯನ್ನು ಮುಚ್ಚುವ ಗುಂಪು), ಅದನ್ನು ತೆಗೆಯಲು 20% ಪಿಪೆರಿಡಿನ್. ಎರಡನೇ ಪ್ರೋಲಿನ್‌ನ ಎಫ್‌ಮಾಕ್ ತೆಗೆದ ಮೇಲೂ, ಬಿಡುವಾದ ಅಮೀನ್ ತೋರಿಸಬೇಕಾದ ಕೈಸರ್ ಟೆಸ್ಟ್ ನೀಲಿ ಆಗುವುದಿಲ್ಲ. ಕೊನೆಗೆ ರೆಸಿನ್‌ನಿಂದ ಬಿಡಿಸಿ ಈಥರ್‌ಗೆ ಹಾಕಿದರೆ ತಳದಲ್ಲಿ ಏನೂ ಕೂರುವುದಿಲ್ಲ. ಇಲ್ಲಿ ಬಿಸಿಲು 42 ಡಿಗ್ರಿ, ಲ್ಯಾಬಿನಲ್ಲಿ ಎಸಿ ಇಲ್ಲ. ದ್ರಾವಕ ಡಿಎಂಎಫ್ ಕೆಟ್ಟಿರಬಹುದಾ?

ರೆಸಿನ್‌ರಾಯ:
ಡಿಎಂಎಫ್ ಕೆಟ್ಟರೆ ಡೈಮೀಥೈಲಮೀನ್ ಹುಟ್ಟಿ ಎಫ್‌ಮಾಕ್ ಅನ್ನು ಹೊತ್ತಿಗೆ ಮುಂಚೆ ಕೀಳುತ್ತದೆ. ಆಗ ಒಂದು ಅಮೈನೋ ಆಮ್ಲ ಜಾಸ್ತಿ ಸೇರಿದ ಪೆಪ್ಟೈಡ್ ಸಿಗಬೇಕು, ಖಾಲಿ ಟ್ಯೂಬ್ ಅಲ್ಲ. ಕೈಸರ್ ಬಿಡಿ, ಪ್ರೋಲಿನ್‌ಗೆ ಅದು ನೀಲಿ ಕೊಡುವುದೇ ಇಲ್ಲ. ಅದರದು ಸೆಕೆಂಡರಿ ಅಮೀನ್ ಅಲ್ವಾ? ಸೆಕೆಂಡರಿ ಅಮೀನ್ ತೋರಿಸುವ ಕ್ಲೋರಾನಿಲ್ ಟೆಸ್ಟನ್ನು ಅಸಿಟಾಲ್ಡಿಹೈಡ್ ಹಾಕಿ ಮಾಡಿ.

ನನ್ನ ಅನುಮಾನ ಡೈಕೀಟೊಪಿಪೆರಜಿನ್ (ಎರಡು ಅಮೈನೋ ಆಮ್ಲಗಳು ಸೇರಿ ಆಗುವ ಉಂಗುರ) ಮೇಲೆ. ರೆಸಿನ್ ಮೇಲೆ ಪ್ರೋಲಿನ್-ಪ್ರೋಲಿನ್ ಮಾತ್ರ ಇದ್ದು ಎಫ್‌ಮಾಕ್ ಹೋದ ಕ್ಷಣ, ಬಿಡುವಾದ ಅಮೀನ್ ತಿರುಗಿ ವಾಂಗ್‌ನ ಎಸ್ಟರ್ ಕೊಂಡಿಯನ್ನೇ ಹೊಡೆಯುತ್ತದೆ. ಎರಡೂ ಸೇರಿ ಉಂಗುರವಾಗಿ ರೆಸಿನ್ ಬಿಟ್ಟು ಹೋಗುತ್ತವೆ. ಪ್ರೋಲಿನ್ ಇದ್ದರೆ ಸರಪಳಿ ಸುಲಭವಾಗಿ ತಿರುವು ತೆಗೆದುಕೊಳ್ಳುತ್ತದೆ, ಅದಕ್ಕೇ ಈ ಕಾಟ ಅದರಲ್ಲಿ ಜಾಸ್ತಿ. ಪಿಪೆರಿಡಿನ್ ತೊಳೆದ ದ್ರವ ಚೆಲ್ಲಿದ್ದೀರಾ? ಇಟ್ಟಿದ್ದರೆ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಅಣುಗಳ ತೂಕ ನೋಡಿ. ಆ ಉಂಗುರದ (ಒಂದು ಪ್ರೋಟಾನ್ ಸೇರಿ) 195 ಸಿಕ್ಕರೆ ಕಳ್ಳ ಸಿಕ್ಕ.

ತೊಗರಿಕಣಜ:
ಇಟ್ಟಿದ್ದೆ. 195 ಇದೆ, ದೊಡ್ಡದಾಗಿಯೇ! ಐಪಿಪಿಯ 326 ಮಾತ್ರ ಎಲ್ಲೂ ಇಲ್ಲ.

ರೆಸಿನ್‌ರಾಯ:
ಹಾಗಾದರೆ 2-ಕ್ಲೋರೋಟ್ರೈಟೈಲ್ ರೆಸಿನ್‌ಗೆ ಬನ್ನಿ. ಅದರ ಗುಂಪು ದಪ್ಪ, ಅಮೀನ್ ಎಸ್ಟರ್ ಹತ್ತಿರ ಸುಳಿಯುವುದು ಕಷ್ಟ. ತೇವ ಮಾತ್ರ ತಾಗಬಾರದು. ಒಣ ಡಿಸಿಎಂ (ಡೈಕ್ಲೋರೋಮೀಥೇನ್) ದ್ರಾವಕದಲ್ಲಿ ಮೊದಲ ಪ್ರೋಲಿನ್ ಸೇರಿಸಿ, ಉಳಿದ ಕ್ಲೋರೈಡನ್ನು ಮೆಥನಾಲ್‌ನಿಂದ ಮುಚ್ಚಿ. ಮಳೆ ಶುರುವಾಗುವ ಮುಂಚೆಯೇ ಡೆಸಿಕೇಟರ್‌ನ ಸಿಲಿಕಾ ಬದಲಿಸಿಬಿಡಿ.

ಬೀದರ್‌ಬೀಕರ್:
ಹೊಸ ರೆಸಿನ್‌ಗೆ ಗೈಡ್ ದುಡ್ಡು ಕೊಡದಿದ್ದರೆ?

ರೆಸಿನ್‌ರಾಯ:
ವಾಂಗ್ ಮೇಲಿನ ಒಂದು ಪ್ರೋಲಿನ್‌ಗೆ ಎಫ್‌ಮಾಕ್-ಐಸೊಲ್ಯೂಸಿನ್-ಪ್ರೋಲಿನ್ ಜೋಡಿಯನ್ನೇ ಸೇರಿಸಿ. ಬರೀ ಎರಡು ಪ್ರೋಲಿನ್ ಇರುವ ಹಂತವೇ ಬರುವುದಿಲ್ಲ. ಜೋಡಿ ರೆಡಿ ಸಿಗದಿದ್ದರೆ ಪಿಪೆರಿಡಿನ್ ಹೊತ್ತು ಕಡಿಮೆ ಮಾಡಿ, ಆಕ್ಟಿವೇಟ್ ಮಾಡಿದ ಐಸೊಲ್ಯೂಸಿನ್ ಪಕ್ಕದಲ್ಲೇ ಇಟ್ಟುಕೊಂಡು, ತೊಳೆದ ತಕ್ಷಣ ಸುರಿಯಿರಿ. ಇಳುವರಿ ಅರೆಬರೆ ಬರುತ್ತದೆ, ಆದರೆ ಹೋಲಿಕೆಗೆ ಸಾಕು.