ರಿಜಿಸ್ಟರ್ ಪುಟದ ಎಡಗಡೆ ಅಂಚು

ಗುಂಪು: ಹೇಮಾವತಿ ದಡದ ಮನೆಯವರು

ಪುಟ್ಟು: [ಫೋಟೊ] ನಮ್ಮ ಕೇರಿ ಚಾಪೆಲ್‌ನ (ಚಿಕ್ಕ ಚರ್ಚ್) ಜ್ಞಾನಸ್ನಾನದ ರಿಜಿಸ್ಟರ್ ಸಿಕ್ತು. ಮೇಲಿಂದ ಮೂರನೇದು ನೋಡಿ, 1889. ಮಗು ಪೇತ್ರುಮ್, ಅಪ್ಪ ಅಂತೋನಿಯಿ, ಅಮ್ಮ ಮರಿಯೆ. ಇದೇ ನಮ್ಮ ರಾಯಪ್ಪ ಮುತ್ತಜ್ಜ. ವಂಶವೃಕ್ಷಕ್ಕೆ ಹಾಕಿಬಿಡಲಾ?

ದೊಡ್ಡಪ್ಪ: ರಾಯಪ್ಪ ಎಲ್ಲಿ, ಪೇತ್ರುಮ್ ಎಲ್ಲಿ? ತಾರೀಖು ನೋಡಿದ್ಯಾ? ಹುಟ್ಟಿದ್ದು ಆಗಸ್ಟ್ 30, ಜ್ಞಾನಸ್ನಾನ ಜುಲೈ 4. ಹುಟ್ಟೋಕೆ ಮುಂಚೆಯೇ ತಲೆಗೆ ನೀರು ಹುಯ್ದರಾ? ಬರೆದ ಪುಣ್ಯಾತ್ಮನಿಗೇ ಲೆಕ್ಕ ಗೊತ್ತಿಲ್ಲ. ಅದನ್ನ ಬಿಡು. ನಾನು ಕಳಿಸ್ತಿರೋದನ್ನ ಚಾಪೆಲ್ ಹಬ್ಬಕ್ಕೆ ತರೋ ಪುಸ್ತಕಕ್ಕೆ ಹಾಕೋಣ.

ದೊಡ್ಡಪ್ಪ: [ಫಾರ್ವರ್ಡ್] "1860ರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ಶೆಟ್ಟಿಹಳ್ಳಿ ಚರ್ಚನ್ನು ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯಿಂದ ಕಟ್ಟಿಸಿದರು. ಸುತ್ತಲಿನ ಕೇರಿಗಳ ಚಾಪೆಲ್‌ಗಳೂ ಅವರ ಕಾಲದವೇ…"

ಅತ್ತೆ: ದೊಡ್ಡಣ್ಣ, ಮೊದಲು ತಾರೀಖು. ಅಲ್ಲಿರೋದು "7ಬ್ರಿಸ್". ಅದು ಜುಲೈ ಅಲ್ಲ, ಸೆಪ್ಟೆಂಬರ್. ಸೆಪ್ತೆಮ್ ಅಂದ್ರೆ ಲ್ಯಾಟಿನ್‌ನಲ್ಲಿ ಏಳು, ಅದಕ್ಕೆ ಪಾದ್ರಿ ಸ್ವಾಮಿಗಳು ತಿಂಗಳ ಹೆಸರಿನ ಮೊದಲ ಅರ್ಧಕ್ಕೆ ಅಂಕಿ ಹಾಕಿ ಮುಗಿಸೋರು. 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಡಿಸೆಂಬರ್. ಡಿಸೆಂಬರಿಗೆ ಕೆಲವರು 10ರ ಬದಲು ರೋಮನ್ ಅಂಕಿ ಹಾಕ್ತಾರೆ, ಗುಣಿಸೋ ಗುರುತಿನ ಥರ ಕಾಣುತ್ತೆ. ಆಗಸ್ಟ್ 30ಕ್ಕೆ ಹುಟ್ಟಿ ಸೆಪ್ಟೆಂಬರ್ 4ಕ್ಕೆ ಜ್ಞಾನಸ್ನಾನ. ಐದೇ ದಿನ. ಆಗ ಅಷ್ಟೇ ಬೇಗ ಕೊಡೋರು, ಮಗು ಉಳಿಯುತ್ತೋ ಇಲ್ಲವೋ ಅನ್ನೋ ಭಯ. ಬರೆದವರ ಲೆಕ್ಕ ಸರಿಯಾಗೇ ಇದೆ.

ದೊಡ್ಡಪ್ಪ: ಸರಿ ತಾರೀಖು ಬಿಡು. ಹೆಸರು?

ಅತ್ತೆ: ಪೇತ್ರುಸ್ ಅಂದ್ರೆ ನಮ್ಮಲ್ಲಿ ರಾಯಪ್ಪನೇ. ಪೌಲುಸ್ ಚಿನ್ನಪ್ಪ, ಯೋವಾನ್ನೆಸ್ ಅರುಳಪ್ಪ, ಇಗ್ನಾಸಿಯುಸ್ ಇನ್ನಾಸಪ್ಪ, ಸಂತ ಝೇವಿಯರ್ ಹೆಸರಿಟ್ಟರೆ ಚೌರಪ್ಪ. ಮನೇಲಿ ಒಂದು, ಪುಸ್ತಕದಲ್ಲಿ ಒಂದು. "ರಾಯಪ್ಪ" ಅಂತ ಹುಡುಕಿದವರಿಗೆ ಹತ್ತು ಸಂಪುಟ ತಿರುವಿದರೂ ಏನೂ ಸಿಗಲ್ಲ. ಪುಟ್ಟು, ಹಾಗೇ ಇನ್ನೊಂದು: ವಾಕ್ಯ "ಬಪ್ತಿಝಾವಿ ಪೇತ್ರುಮ್" ಅಂತ, ಅಂದ್ರೆ ಪೇತ್ರುಸ್‌ಗೆ ಜ್ಞಾನಸ್ನಾನ ಕೊಟ್ಟೆ ಅಂತ ಇರೋದರಿಂದ ಮಗುವಿನ ಹೆಸರು ಉಮ್, ಆಮ್ ಅಂತ ಮುಗಿಯುತ್ತೆ. ತಂದೆತಾಯಿ ಹೆಸರು ಷಷ್ಠಿಯಲ್ಲಿ, ಅಂತೋನಿಯಿ, ಮರಿಯೆ. ವೃಕ್ಷಕ್ಕೆ ಹಾಕುವಾಗ ಪೇತ್ರುಸ್, ಅಂತೋನಿಯುಸ್, ಮರಿಯ ಅಂತ ಹಾಕು. ಆದರೆ ಈಗಲೇ ಹಾಕಬೇಡ.

ಪುಟ್ಟು: ಯಾಕೆ ಅತ್ತೆ? ಹೆಸರು ಸೇರ್ತು, ವರ್ಷ ಸೇರ್ತು, ಊರೂ ಸೇರ್ತು.

ಅತ್ತೆ: ಆಗಿನ ಒಂದು ಕೇರಿಯಲ್ಲಿ ಎಷ್ಟು ಜನ ಅಂತೋಣಪ್ಪ, ಎಷ್ಟು ಜನ ಮರಿಯಮ್ಮ ಇದ್ದರು ಅಂತ ಲೆಕ್ಕ ಹಾಕು. ಮನೆತನದ ಹೆಸರು ಬರೆಯೋ ರೂಢಿ ಇಲ್ಲ. ಅಂತೋಣಪ್ಪನ ಮಗ ರಾಯಪ್ಪ ಅನ್ನೋನು ಎರಡು ವರ್ಷದ ಅಂತರದಲ್ಲಿ ಇನ್ನೊಬ್ಬ ಸಿಕ್ಕರೆ ಏನು ಮಾಡ್ತೀಯ? ಅದನ್ನ ಬಿಡಿಸೋದು ಎಡಗಡೆ ಅಂಚು. ನಿನ್ನ ಫೋಟೊದಲ್ಲಿ ಅದು ರಟ್ಟಿನ ನೆರಳಿನೊಳಗೆ ಹೋಗಿದೆ.

ಮೂಡಿಗೆರೆ ಅಕ್ಕ: ಅಂಚಿನ ಮಾತು ಆಮೇಲೆ. ಪುಟ್ಟು, ಮೊದಲು ಆ ಫೋಟೊ ತೆಗಿ. ಐದನೇ ದಾಖಲೆಯಲ್ಲಿ ತಂದೆ ಹೆಸರಿನ ಜಾಗದಲ್ಲಿ "ಪಾತ್ರೆ ಇಗ್ನೋತೊ" ಅಂತಿದೆ. ತಂದೆ ಗೊತ್ತಿಲ್ಲ ಅಂತ ಅರ್ಥ. ತಾಯಿ ಹೆಸರು, ಊರು ಎಲ್ಲ ಇದೆ. ಆ ಮನೆಯವರು ಇವತ್ತಿಗೂ ಅದೇ ಕೇರಿಯಲ್ಲಿ ಇರಬಹುದು. ಈ ಗುಂಪಿನಲ್ಲಿ 60 ಜನ ಇದ್ದೀವಿ, ನಾಳೆ ಬೆಳಿಗ್ಗೆ ಇದು ಎಲ್ಲಿರುತ್ತೋ ಯಾರಿಗೆ ಗೊತ್ತು.

ದೊಡ್ಡಪ್ಪ: ನೂರಮೂವತ್ತು ವರ್ಷದ ಹಿಂದಿನದಕ್ಕೆ ಈಗ ಮಾನ ಹೋಗುತ್ತೇನಮ್ಮ?

ಮೂಡಿಗೆರೆ ಅಕ್ಕ: ನಮ್ಮ ಮನೆಯದ್ದಾಗಿದ್ರೆ ಹೀಗೇ ಹೇಳ್ತಿದ್ರಾ ದೊಡ್ಡಪ್ಪ? ರಿಜಿಸ್ಟರ್ ಎಲ್ಲರ ಕೈಗೂ ಕೊಡದೆ, ನಮ್ಮ ದಾಖಲೆಯಷ್ಟೇ ನಕಲು ಬರೆದು ಕೊಡೋದು ಇದಕ್ಕೇ.

ಪುಟ್ಟು: ಈ ಸಂದೇಶವನ್ನು ಅಳಿಸಲಾಗಿದೆ

ಪುಟ್ಟು: ತೆಗೆದೆ. ಅತ್ತೆ, ಅಂಚಿನಲ್ಲಿ ಏನಿರುತ್ತೆ?

ಅತ್ತೆ: ಮದುವೆ. 1908ರ ಈಸ್ಟರ್‌ನಿಂದ ರೋಮಿನ ಒಂದು ಆಜ್ಞೆ ಜಾರಿಗೆ ಬಂತು: ಮದುವೆ ಮಾಡಿಸಿದ ಧರ್ಮಕೇಂದ್ರದವರು (ಸ್ವಾಮಿಗಳು ಇರೋ ಮುಖ್ಯ ಚರ್ಚಿನವರು) ಗಂಡು, ಹೆಣ್ಣು ಇಬ್ಬರ ಜ್ಞಾನಸ್ನಾನ ಆದ ಕಡೆಗೆ ತಿಳಿಸಬೇಕು, ಅಲ್ಲಿಯವರು ಹಳೇ ದಾಖಲೆಯ ಪಕ್ಕದಲ್ಲಿ ಯಾರ ಜೊತೆ, ಎಲ್ಲಿ, ಯಾವತ್ತು ಮದುವೆ ಅಂತ ಬರೆಯಬೇಕು. ಒಬ್ಬನಿಗೆ ಎರಡು ಕಡೆ ಮದುವೆ ಆಗಬಾರದು ಅಂತ ಮಾಡಿದ್ದು, ನಮಗೆ ಈಗ ಅದೇ ದಾರಿ. 1889ರಲ್ಲಿ ಹುಟ್ಟಿದವನಿಗೆ 1908ಕ್ಕೆ 19 ವರ್ಷ, ಮದುವೆ ಅದರ ಆಮೇಲೆ ಆಗಿರೋ ಸಾಧ್ಯತೆನೇ ಜಾಸ್ತಿ. ಅಂಚಿನಲ್ಲಿ ನಮ್ಮ ಮುತ್ತಜ್ಜಿ ಹೆಸರು ಇದ್ದರೆ ಅವನು ನಮ್ಮವನು, ಬೇರೆ ಹೆಸರಿದ್ದರೆ ಅಲ್ಲ. ಅಂಚು ಖಾಲಿ ಇದ್ದರೆ ಏನೂ ಹೇಳೋಕಾಗಲ್ಲ, ಆ ಕಡೆಯವರು ತಿಳಿಸದೆ ಬಿಟ್ಟಿರಬಹುದು. ಅವರಪ್ಪ ಅಂತೋಣಪ್ಪನ ದಾಖಲೆಯಲ್ಲಿ ಅಂಚನ್ನ ನೆಚ್ಚಿಕೋಬೇಡ, ಆ ತಲೆಮಾರಿನ ಮದುವೆ ಈ ನಿಯಮಕ್ಕೆ ಮುಂಚಿನದು.

ಚಿಕ್ಕಪ್ಪ: ಮದುವೆ ರಿಜಿಸ್ಟರ್ ನೋಡಿದ್ರೆ ಆಯ್ತಲ್ಲ, ಅಂಚು ಯಾಕೆ?

ಅತ್ತೆ: ಯಾವ ಊರಿನದು ನೋಡ್ತೀಯ ಚಿಕ್ಕಣ್ಣ? ಮದುವೆ ಸಾಮಾನ್ಯವಾಗಿ ಹೆಣ್ಣಿನ ಕಡೆ ಧರ್ಮಕೇಂದ್ರದಲ್ಲಿ. ಗಂಡಿನ ಊರಲ್ಲಿ ಹುಡುಕಿ ಸಿಗದೆ ದಾಖಲೆ ಹಾಳಾಗಿದೆ ಅಂತ ಕೈಬಿಡೋರೇ ಹೆಚ್ಚು. ಅಂಚು ಊರು ಹೇಳುತ್ತೆ, ಆಮೇಲೆ ಆ ಊರಿನ ಮದುವೆ ಪುಸ್ತಕ. ಅದರಲ್ಲಿ ಇಬ್ಬರ ತಂದೆ ಹೆಸರು, ಇಬ್ಬರು ಸಾಕ್ಷಿ, ಇಂಥವರ ಮದುವೆ ಅಂತ ಚರ್ಚಿನಲ್ಲಿ ಮೂರು ಸಲ ಕೂಗಿ ಹೇಳಿದ್ದು, ವಿಧುರನೋ ವಿಧವೆಯೋ ಎಲ್ಲ ಸಿಗುತ್ತೆ. ನಮ್ಮ ಮನೆಗೆ ಇನ್ನೊಂದು ಗುರುತೂ ಇದೆ. ಮುತ್ತಜ್ಜಿ ಸೋದರಮಾವನ ಮಗಳು ಅಂತ ಎಲ್ಲರೂ ಹೇಳ್ತೀವಿ. ಹತ್ತಿರದ ನಂಟರ ಮದುವೆಗೆ ಚರ್ಚಿನ ವಿನಾಯಿತಿ ಬೇಕಿತ್ತು, ನಂಟು ಎಷ್ಟು ಮೆಟ್ಟಿಲು ಅನ್ನೋದೇ ಡಿಗ್ರಿ. ಅದು ನಿಜವಾಗಿದ್ರೆ "ದ್ವಿತೀಯ ಡಿಗ್ರಿ ರಕ್ತಸಂಬಂಧದ ವಿನಾಯಿತಿ ಪಡೆದು" ಅಂತ ಲ್ಯಾಟಿನ್‌ನಲ್ಲಿ ಬರೆದಿರಬೇಕು.

ಮೂಡಿಗೆರೆ ಅಕ್ಕ: ಸೋದರಮಾವನ ಮಗಳು ನಾಲ್ಕನೇ ಡಿಗ್ರಿ ಅಲ್ವಾ ಅತ್ತೆ? ಈಗಿನ ಮದುವೆ ಫಾರಂನಲ್ಲಿ ಹಾಗೇ ಇದೆ.

ಅತ್ತೆ: ಅದು 1983ರ ಚರ್ಚ್ ಕಾನೂನಿನ ಲೆಕ್ಕ. ಅದರಲ್ಲಿ ಈ ಕಡೆಯಿಂದ ಮೂಲದವರೆಗೆ ಹತ್ತಿ, ಆ ಕಡೆಗೆ ಇಳಿಯೋದನ್ನೂ ಎಣಿಸ್ತಾರೆ. ಹಳೇ ಲೆಕ್ಕದಲ್ಲಿ ಒಂದೇ ಕಡೆ ಎಣಿಸೋರು, ಅಜ್ಜನಿಂದ ಮೊಮ್ಮಗನಿಗೆ ಎರಡು ಮೆಟ್ಟಿಲು, ಆದ್ದರಿಂದ ದ್ವಿತೀಯ. ಸೋದರಮಾವನೇ ಗಂಡನಾದರೆ "ಪ್ರಥಮವನ್ನು ತಾಗಿದ ದ್ವಿತೀಯ" ಅಂತ ಬರುತ್ತೆ. ಹಳೇ ಪುಸ್ತಕದಲ್ಲಿ "ಚತುರ್ಥ" ಅಂತ ಕಂಡರೆ ಅದು ಅಜ್ಜಂದಿರ ಅಜ್ಜನ ಕಾಲದ ದೂರದ ನಂಟು. ಇವೆರಡನ್ನ ಕಲಸಿಬಿಟ್ಟರೆ ವೃಕ್ಷ ಎರಡು ತಲೆಮಾರು ಆಚೀಚೆ ಆಗುತ್ತೆ.

ದೊಡ್ಡಪ್ಪ: ನೀವೆಲ್ಲ ಕಾನೂನು ಓದ್ತಾ ಇರಿ. ನಾನು ಕಳಿಸಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅಬ್ಬೆ ದುಬೋಯ್ ವಿಷಯ ಹಾಕೋದೇ. ಜನ ಅವರನ್ನ ದೊಡ್ಡ ಸ್ವಾಮಿಯವರು ಅಂತ ಕರೀತಿದ್ರು, ಗೊತ್ತಾ?

ಅತ್ತೆ: ಕರೀತಿದ್ದದ್ದು ನಿಜ. ಟಿಪ್ಪು ತೀರಿಕೊಂಡ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನ ಒಟ್ಟುಗೂಡಿಸಿದ್ದು, ಹಾಸನದ ಹತ್ತಿರ ಬೇಸಾಯದ ಊರು ಕಟ್ಟಿಸಿದ್ದು, ಸಿಡುಬಿನ ಲಸಿಕೆ ಹಾಕಿಸಿದ್ದು ಅದೆಲ್ಲವೂ ನಿಜ. ಆದರೆ ದುಬೋಯ್ 1823ರಲ್ಲೇ ಫ್ರಾನ್ಸಿಗೆ ವಾಪಸ್ ಹೋದರು, 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. 1860ರಲ್ಲಿ ಬಂದು ಶೆಟ್ಟಿಹಳ್ಳಿಯಲ್ಲಿ ಗಾರೆ ಕಲಸೋಕೆ ಹೇಗಾಗುತ್ತೆ?

ಚಿಕ್ಕಪ್ಪ: 😂 ಮೊಟ್ಟೆ ಒಡೆಯೋಕೆ ಬಂದಿರಬಹುದು

ದೊಡ್ಡಪ್ಪ: ನಗಬೇಡ. ಊರಿಗೇ ಗೊತ್ತಿರೋ ವಿಷಯ. ಇಂಟರ್‌ನೆಟ್‌ನಲ್ಲೂ ಹಾಗೇ ಇದೆ.

ಅತ್ತೆ: ಒಬ್ಬರು ಬರೆದದ್ದನ್ನ ನೂರು ಜನ ಎತ್ತಿ ಹಾಕಿದ್ದಾರೆ ಅಷ್ಟೇ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಅಂತ ಬರಿ, ಯಾರೂ ಬೆರಳು ತೋರಿಸಲ್ಲ. ನಮ್ಮ ಚಾಪೆಲ್‌ಗೆ ಆ ಇಸವಿಯೂ ಬೇಡ. ಬಾಗಿಲ ಮೇಲಿನ ಕಲ್ಲಿನಲ್ಲಿರೋ ಇಸವಿ ಕೂಡ ಕಟ್ಟಿದ್ದೋ, ಹೆಂಚು ಬದಲಿಸಿ ಮತ್ತೆ ಆಶೀರ್ವದಿಸಿದ್ದೋ ಅಂತ ನೋಡಿ ಹಾಕಬೇಕು.

ಪುಟ್ಟು: ಹಾಗಾದ್ರೆ ಚಾಪೆಲ್ ಬೀಗ ಇಟ್ಟುಕೊಂಡಿರೋ ಅಜ್ಜನ್ನ ಕೇಳ್ತೀನಿ, ಹಳೇ ಪುಸ್ತಕಗಳು ಅಲ್ಲೇ ಇರಬಹುದು.

ಅತ್ತೆ: ಅಲ್ಲಿ ಇರಲ್ಲ. ಇದನ್ನ ಎಲ್ಲರೂ ತಲೆಯಲ್ಲಿ ಇಟ್ಟುಕೊಳ್ಳಿ: ಚಾಪೆಲ್‌ಗೆ ಅದರದ್ದೇ ರಿಜಿಸ್ಟರ್ ಇರಲ್ಲ. ನೀನು ಫೋಟೊ ತೆಗೆದದ್ದು ಕೂಡ ಧರ್ಮಕೇಂದ್ರದ ಪುಸ್ತಕ, ಅದರಲ್ಲಿ ನಮ್ಮ ಕೇರಿ ಹೆಸರು ಬಂದಿದೆ ಅಷ್ಟೇ. ಸ್ವಾಮಿಗಳು ಕುದುರೆ ಮೇಲೋ ಗಾಡಿಯಲ್ಲೋ ಬಂದು ಪೂಜೆ ಮಾಡಿ, ಜ್ಞಾನಸ್ನಾನ ಕೊಟ್ಟು, ವಾಪಸ್ ಹೋಗಿ ತಮ್ಮ ಕೇಂದ್ರದ ಪುಸ್ತಕದಲ್ಲಿ ಬರೆಯೋರು. ಹಾಗಾಗಿ ಕೇಳಬೇಕಾದ್ದು "ಚಾಪೆಲ್ ಯಾವಾಗ ಕಟ್ಟಿದ್ದು" ಅಂತ ಅಲ್ಲ, "ಆ ವರ್ಷ ಈ ಕೇರಿ ಯಾವ ಧರ್ಮಕೇಂದ್ರಕ್ಕೆ ಸೇರಿತ್ತು" ಅಂತ. ಹೊಸ ಧರ್ಮಕೇಂದ್ರ ಆದಾಗ ಮುಂದಿನ ದಾಖಲೆ ಅಲ್ಲಿಗೆ, ಹಿಂದಿನದು ಹಳೇ ಕಡೆಯೇ. ಮೇಲಿನ ಕಚೇರಿಯೂ ಬದಲಾಗಿದೆ. 1886ರಿಂದ ಮೈಸೂರು ಧರ್ಮಪ್ರಾಂತ್ಯ, ಆದರೆ ಬಿಷಪ್ ಇದ್ದದ್ದು ಬೆಂಗಳೂರಲ್ಲಿ. 1940ರಲ್ಲಿ ಬೆಂಗಳೂರು ಬೇರೆ ಆಯ್ತು. 1963ರಲ್ಲಿ ನಮ್ಮದು ಚಿಕ್ಕಮಗಳೂರಿಗೆ ಬಂತು. ಮದುವೆ ವಿನಾಯಿತಿಯ ಪತ್ರ, ಜಾಗದ ಪತ್ರ ಹುಡುಕೋರು ಇಸವಿ ನೋಡಿ ಕಚೇರಿ ಆರಿಸಬೇಕು.

ಮೂಡಿಗೆರೆ ಅಕ್ಕ: ನಮ್ಮತ್ತೆ ಮನೆ ಕಡೆಯವರು ಸಿಎಸ್‌ಐ, ಪ್ರೊಟೆಸ್ಟೆಂಟರು. ಅವರಿಗೂ ಇದೇ ದಾರಿನಾ?

ಅತ್ತೆ: ಪುಸ್ತಕ ಬೇರೆ. ಹಾಸನದ ಕಡೆ ಅವು ಹೆಚ್ಚಾಗಿ ವೆಸ್ಲಿಯನ್ ಮಿಷನ್‌ನವು, 1947ರಲ್ಲಿ ಸಿಎಸ್‌ಐ ಆಯ್ತು. ಲ್ಯಾಟಿನ್ ಕಾಟ ಇಲ್ಲ. ಆದರೆ ಅಂಚಿನಲ್ಲಿ ಮದುವೆ ಬರೆಯೋ ಕಡ್ಡಾಯವೂ ಇಲ್ಲ.

ಚಿಕ್ಕಪ್ಪ: ಜಾಗದ ಮಾತು ಬಂತು, ಅದು ನನ್ನ ಇಲಾಖೆ. ಚಾಪೆಲ್ ಜಾಗ ಕೊಟ್ಟಿದ್ದು ನಮ್ಮ ಮನೆಯವರೇ ಅಂತ ದೊಡ್ಡಣ್ಣ ಹೇಳ್ತಾನೇ ಇರ್ತಾನೆ. ನೋಡೋದು ಹೇಗೆ ಅಂದ್ರೆ, ಈಗಿನ ಪಹಣಿಯ 9ನೇ ಕಾಲಂನಲ್ಲಿ ಖಾತೆದಾರ, 10ರಲ್ಲಿ ಅದು ಹೇಗೆ ಬಂತು ಅಂತ ಎಂಆರ್ (ಖಾತೆ ಬದಲಾವಣೆ ಪುಸ್ತಕ) ನಂಬರ್. ಆ ಎಂಆರ್ ನಕಲು ತೆಗೆಸಿದ್ರೆ ಹಿಂದಿನವರ ಹೆಸರು. ಅಲ್ಲಿಂದ ಕೈಬರಹದ ಪಹಣಿ, ಆಮೇಲೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಮ್‌ನಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್‌ಆರ್ (ಹಕ್ಕು ದಾಖಲೆ). ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್ ಮೂರೂ ಇರಲೇಬೇಕು. ಹಿಸ್ಸಾ ಆಗಿದ್ರೆ, ಅಂದ್ರೆ ಆ ನಂಬರ್ ಪಾಲಾಗಿದ್ರೆ, ಮೂಲ ನಂಬರನ್ನೂ ಬರಿ, ಹಳೇ ಪುಸ್ತಕದಲ್ಲಿ ಹಿಸ್ಸಾ ಇಲ್ಲದೇ ಇರಬಹುದು.

ದೊಡ್ಡಪ್ಪ: ಹಾಗಾದ್ರೆ ತೆಗೆಸು, ಗೊತ್ತಾಗುತ್ತೆ.

ಚಿಕ್ಕಪ್ಪ: ಪೂರ್ತಿ ಕೇಳು. ನಮ್ಮ ಚಾಪೆಲ್ ಕೇರಿ ಒಳಗಿದೆ, ಅಂದ್ರೆ ಗ್ರಾಮಠಾಣ, ಊರಿನ ಮನೆಗಳಿರೋ ಜಾಗ. ಗ್ರಾಮಠಾಣಕ್ಕೆ ಪಹಣಿ ಬರಲ್ಲ. ಅಲ್ಲಿ ಪಂಚಾಯ್ತಿ ಡಿಮ್ಯಾಂಡ್ ರಿಜಿಸ್ಟರೇ (ಮನೆ ಕಂದಾಯದ ಪುಸ್ತಕ) ಗತಿ, ಅದು ತುಂಬ ಹಿಂದಕ್ಕೆ ಹೋಗಲ್ಲ. ದಾನಪತ್ರ ನೋಂದಣಿ ಆಗಿದ್ರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇರುತ್ತೆ. ಆದರೆ 2004ಕ್ಕಿಂತ ಹಿಂದಿನದಕ್ಕೆ ಕಂಪ್ಯೂಟರ್ ಇಸಿ (ಋಣಭಾರ ಪತ್ರ) ಸಿಗಲ್ಲ, ಕೈಯಲ್ಲಿ ಪುಸ್ತಕ ಹುಡುಕಬೇಕು, ವರ್ಷ ಹೇಳದಿದ್ರೆ ಯಾರೂ ಮುಟ್ಟಲ್ಲ. ಬಾಯಿಮಾತಲ್ಲಿ ಕೊಟ್ಟಿದ್ರೆ ಕಾಗದವೇ ಇಲ್ಲ. ಅಣೆಕಟ್ಟಿನ ನೀರಲ್ಲಿ ಮುಳುಗಡೆ ಆದ ಹೊಲದ ವಿಷಯಕ್ಕೆ ಮಾತ್ರ ಒಳ್ಳೇ ದಾರಿ ಇದೆ. ಹೇಮಾವತಿ ಯೋಜನೆಯ ಭೂಸ್ವಾಧೀನ ಕಡತದಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಪರಿಹಾರ ಪಡೆದವರ ಹೆಸರು ಇರುತ್ತೆ. ಖಾತೆದಾರ ತೀರಿಕೊಂಡಿದ್ದರೆ ವಾರಸುದಾರರು ಯಾರು ಅಂತ ತೋರಿಸಿಯೇ ದುಡ್ಡು ತಗೊಂಡಿರಬೇಕು. ಆ ವಂಶಾವಳಿ ಹಾಳೆ ಸಿಕ್ಕರೆ ಎರಡು ತಲೆಮಾರು ಒಟ್ಟಿಗೆ ಸಿಕ್ಕಂಗೆ.

ಅತ್ತೆ: ಅದು ಸಿಕ್ಕರೆ ನನಗೂ ಬೇಕು. ವಂಶಾವಳಿಯಲ್ಲಿ ಹೆಣ್ಣುಮಕ್ಕಳನ್ನ ಬಿಟ್ಟಿರ್ತಾರೆ, ಜ್ಞಾನಸ್ನಾನದ ಪುಸ್ತಕದಲ್ಲಿ ಬಿಟ್ಟಿರಲ್ಲ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು.

ಪುಟ್ಟು: ಸಮಾಧಿ ಕಲ್ಲುಗಳು? ಹಬ್ಬಕ್ಕೆ ಬಂದಾಗ ಸುಣ್ಣದ ಪುಡಿ ಉಜ್ಜಿ ಓದೋಣ ಅಂತಿದ್ದೆ.

ಮೂಡಿಗೆರೆ ಅಕ್ಕ: ಸುಣ್ಣ, ಚಾಕ್, ತಂತಿ ಬ್ರಷ್, ಆಸಿಡ್ ಯಾವುದೂ ಬೇಡ. ಕಡಪ ಕಲ್ಲಾದ್ರೆ ಪದರ ಪದರ ಎದ್ದು ಅಕ್ಷರವೇ ಉದುರುತ್ತೆ. ಬರೀ ನೀರು, ಮೆತ್ತನೆ ಬ್ರಷ್. ಓದೋಕೆ ಬೆಳಕು ಸಾಕು: ಬೆಳಿಗ್ಗೆ ಏಳು ಗಂಟೆ ಬಿಸಿಲಲ್ಲಿ, ಇಲ್ಲ ಸಂಜೆ ಕತ್ತಲಾದ ಮೇಲೆ ಟಾರ್ಚನ್ನ ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಬಿಡು, ಅಕ್ಷರದ ನೆರಳು ಎದ್ದು ಬರುತ್ತೆ. ಮಧ್ಯಾಹ್ನ ಹೋದ್ರೆ ಏನೂ ಕಾಣಲ್ಲ. ಕಲ್ಲು ಇಲ್ಲ ಅಂದ್ರೆ ಸಮಾಧಿ ಇಲ್ಲ ಅಂತಲೂ ಅಲ್ಲ, ಜಾಗ ಸಾಲದ ಕಡೆ ಹಳೇ ಗುಂಡಿಯನ್ನೇ ಮತ್ತೆ ತೆಗೀತಾರೆ.

ಅತ್ತೆ: ಸಾವಿನ ರಿಜಿಸ್ಟರ್ ನೋಡುವಾಗ 1918ರ ಕೊನೇ ತಿಂಗಳುಗಳಲ್ಲಿ ನಿಧಾನ ಮಾಡಿ, ಇನ್‌ಫ್ಲುಯೆಂಜಾ ಕಾಲ, ಒಂದೇ ಮನೆಯ ಹೆಸರು ಸಾಲಾಗಿ ಬರಬಹುದು. 1876ರಿಂದ 78ರ ಬರಗಾಲದ ಜ್ಞಾನಸ್ನಾನಗಳಲ್ಲಿ ತಂದೆತಾಯಿ ಹೆಸರೇ ಇಲ್ಲದ ಅನಾಥ ಮಕ್ಕಳು, ಸಾಯೋ ಸ್ಥಿತಿಯಲ್ಲಿ ಜ್ಞಾನಸ್ನಾನ ಪಡೆದವರು ಇರ್ತಾರೆ. ಅಲ್ಲಿ ಹೆಸರು ಹೊಂದಿತು ಅಂತ ಯಾರನ್ನೂ ಮನೆಗೆ ಸೇರಿಸಿಕೊಳ್ಳಬೇಡಿ.

ದೊಡ್ಡಪ್ಪ: ಸರಿಯಮ್ಮ. ದುಬೋಯ್ ಹೆಸರು ತೆಗೀತೀನಿ. ಬೆಲ್ಲ ಮೊಟ್ಟೆ ಇರಲಿ.

ಅತ್ತೆ: "ಅಂತ ಹೇಳ್ತಾರೆ" ಅಂತ ಸೇರಿಸಿ ಇಟ್ಟುಕೋ.

ಪುಟ್ಟು: ಅರ್ಜಿ ಬರೆದಿದೀನಿ, ನೋಡಿ: "ಪೂಜ್ಯ ಗುರುಗಳಿಗೆ, ನಮ್ಮ ಮುತ್ತಜ್ಜ ಪೇತ್ರುಸ್ (ರಾಯಪ್ಪ), ತಂದೆ ಅಂತೋನಿಯುಸ್, ತಾಯಿ ಮರಿಯ, ಜ್ಞಾನಸ್ನಾನ 4-9-1889, ಇವರ ದಾಖಲೆಯ ನಕಲನ್ನು ಕೊಡಬೇಕಾಗಿ ಕೋರಿಕೆ."

ಅತ್ತೆ: "ಅಂಚಿನ ಟಿಪ್ಪಣಿ ಸಮೇತ ನಕಲು" ಅಂತ ಬರಿ. ಇಲ್ಲದಿದ್ರೆ ಮಾಮೂಲಿ ಪ್ರಮಾಣಪತ್ರ ತುಂಬಿ ಕೊಡ್ತಾರೆ, ಅದರಲ್ಲಿ ಹಳೇ ಟಿಪ್ಪಣಿ ಪೂರ್ತಿ ಬರದೇ ಹೋಗಬಹುದು. ಜ್ಞಾನತಂದೆ, ಜ್ಞಾನತಾಯಿ ಹೆಸರೂ ಕೇಳು, ಅವರು ಸಾಮಾನ್ಯವಾಗಿ ನಂಟರೇ. 1887ರಿಂದ 1891ರವರೆಗೆ ಅಂತೋನಿಯುಸ್, ಮರಿಯ ದಂಪತಿಗೆ ಬೇರೆ ಮಕ್ಕಳ ದಾಖಲೆ ಇದ್ದರೆ ತಿಳಿಸಿ ಅಂತ ಇನ್ನೊಂದು ಸಾಲು. ನಾಲ್ಕೇ ತಿಂಗಳ ಅಂತರದಲ್ಲಿ ಇನ್ನೊಂದು ಮಗು ಸಿಕ್ಕರೆ ಅಂತೋಣಪ್ಪಗಳು ಇಬ್ಬರು ಅಂತ ಅಲ್ಲೇ ಗೊತ್ತಾಗುತ್ತೆ.

ಮೂಡಿಗೆರೆ ಅಕ್ಕ: ಪುಟ ತೋರಿಸಿದ್ರೆ ಪುಸ್ತಕ ಒತ್ತಿ ಅಗಲಿಸಬೇಡ, ಹೊಲಿಗೆ ಬಿಟ್ಟುಹೋಗುತ್ತೆ. ಎರಡೂ ರಟ್ಟಿನ ಕೆಳಗೆ ಮಡಿಸಿದ ಟವಲ್ ಇಡು, ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಹಾಕಿದ್ರೆ ಮಾಸಿದ ಮಸಿ ಫೋಟೊದಲ್ಲಿ ಇನ್ನೂ ಬಿಳಿಚಿ ಕಾಣುತ್ತೆ. ಮಳೆಗಾಲಕ್ಕೆ ಹಾಳೆ ಮೆತ್ತಗಾಗಿದೆ ಅಂತ ಬಿಸಿಲಿಗಿಡೋದು, ಲ್ಯಾಮಿನೇಷನ್ ಮಾಡಿಸಿ ಕೊಡ್ತೀನಿ ಅನ್ನೋದು ಮಾಡಬೇಡ. ಹಳೇ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸೋಕೆ ಬರಲ್ಲ.

ಚಿಕ್ಕಪ್ಪ: ಭೂಸ್ವಾಧೀನದ ಅರ್ಜಿ ನಾನು ಹಾಕ್ತೀನಿ. ದೊಡ್ಡಣ್ಣ, ಮುಳುಗಿದ ಹೊಲದ ಸರ್ವೆ ನಂಬರ್ ನಿನ್ನ ಹತ್ರ ಇದ್ಯಾ?

ದೊಡ್ಡಪ್ಪ: ಹಳೇ ಕಂದಾಯ ರಸೀದಿ ಇದೆ. ಫೋಟೊ ಹಾಕ್ತೀನಿ. ನಮ್ಮದಷ್ಟೇ.